ಸಿಸ್ಟಂ ಆನ್ ಆಗ್ತಿಲ್ವಾ? ತೂಬಿನಿಂದ ನಡೆದುಕೊಂಡು ಬನ್ನಿ

ಬಟನ್ ಒತ್ತಿದಿರಿ. ಏನೂ ಆಗಲಿಲ್ಲ. ಫ್ಯಾನ್ ಸದ್ದಿಲ್ಲ, ಲೈಟಿಲ್ಲ. ಇನ್ನೊಂದು ಸಲ ಒತ್ತಿದಿರಿ. ಆಮೇಲೆ ಸ್ವಲ್ಪ ಜೋರಾಗಿ ಒತ್ತಿದಿರಿ, ಜೋರಾಗಿ ಒತ್ತಿದರೆ ಜಾಸ್ತಿ ಕರೆಂಟ್ ಬರುತ್ತದೇನೋ ಅನ್ನೋ ಹಾಗೆ. ಎಲ್ಲರೂ ಹಾಗೇ ಮಾಡುವುದು. ದಾವಣಗೆರೆಯಲ್ಲಿ ಇಷ್ಟು ವರ್ಷದಿಂದ ಡಿಟಿಪಿ ಅಂಗಡಿ ಇಟ್ಟುಕೊಂಡಿರುವ ನಾನೂ ಮೊದಲು ಮಾಡುವುದು ಅದನ್ನೇ.

ಎರಡನೇ ಕೆಲಸ ಏನು ಮಾಡುತ್ತೀರಿ ಅನ್ನುವುದರ ಮೇಲೆ ಖರ್ಚು ನಿಂತಿದೆ. ಹೆಚ್ಚಿನವರು ಸಿಪಿಯು ಬಾಕ್ಸನ್ನು ಸ್ಕೂಟರ್ ಮುಂದೆ ಇಟ್ಟುಕೊಂಡು ರಿಪೇರಿ ಅಂಗಡಿಗೆ ಹೋಗುತ್ತಾರೆ. ಅಲ್ಲಿ ಅದು ಒಂದೇ ಸಲಕ್ಕೆ ಆನ್ ಆಗಿ ಮಾನ ಕಳೆಯುತ್ತದೆ. ಮನೆಗೆ ತಂದು ಹಾಕಿದರೆ ಮತ್ತೆ ಇಲ್ಲ. ಅಥವಾ ಅಂಗಡಿಯ ಹುಡುಗ ಮುಚ್ಚಳ ತೆಗೆದು ಎರಡು ನಿಮಿಷ ನೋಡಿ, "ಮದರ್‌ಬೋರ್ಡ್ ಹೋಗಿದೆ ಅಂಕಲ್" ಅನ್ನುತ್ತಾನೆ. ಹೋಗಿರಲೂಬಹುದು. ಆದರೆ ಮೀಟರ್ ಹಿಡಿಯದೆ ಹೇಳಿದ ಮಾತನ್ನು ನಂಬಬೇಡಿ.

ನಮ್ಮ ಕಡೆ ಭದ್ರಾ ಚಾನಲ್ ನೀರು ಗದ್ದೆಗೆ ಬರಲಿಲ್ಲ ಅಂದರೆ ಯಾರೂ ಗದ್ದೆ ಅಗೆದು ನೋಡುವುದಿಲ್ಲ. ತೂಬಿನ ಹತ್ತಿರ ಹೋಗಿ, ಅಲ್ಲಿಂದ ಕಾಲುವೆ ಏರಿ ಮೇಲೆ ನಡೆದುಕೊಂಡು ಬರುತ್ತಾರೆ. ಇಲ್ಲಿ ತನಕ ಬಂದಿದೆ, ಇಲ್ಲಿ ತನಕಾನೂ ಬಂದಿದೆ, ಹಾಂ, ಇಲ್ಲಿ ಯಾರೋ ಕಟ್ಟಿದ್ದಾರೆ. ಸಿಸ್ಟಂನಲ್ಲೂ ಅಷ್ಟೇ. ಗೋಡೆಯ ಪ್ಲಗ್ ತೂಬು, ಪ್ರೊಸೆಸರ್ ಕೊನೇ ಗದ್ದೆ. ನಡುವೆ ಕರೆಂಟ್ ಎಲ್ಲಿ ನಿಂತಿದೆ ಅಂತ ಹುಡುಕುವುದಷ್ಟೇ ಕೆಲಸ. ಬೇಕಾಗುವ ಸಾಮಾನು ಒಂದು ಸ್ಕ್ರೂ ಡ್ರೈವರ್, ಒಂದು ಅಗ್ಗದ ಮಲ್ಟಿಮೀಟರ್, ಒಂದು ಪೇಪರ್ ಕ್ಲಿಪ್.

ಯಾವ ತರಹದ 'ಆನ್ ಆಗ್ತಿಲ್ಲ'?

ಫೋನ್ ಮಾಡಿದವರೆಲ್ಲ ಇದೇ ಮಾತು ಹೇಳುತ್ತಾರೆ, ಆದರೆ ಇದರಲ್ಲಿ ಮೂರು ಜಾತಿ ಇದೆ. ಒಂದು, ಪೂರ್ತಿ ಸತ್ತ ಹಾಗೆ ಇರುವುದು, ಒಂದು ಲೈಟೂ ಇಲ್ಲ. ಎರಡನೆಯದು, ಬಟನ್ ಒತ್ತಿದಾಗ ಫ್ಯಾನ್ ಒಂದು ಸಲ ಮಿಸುಕಾಡಿ ನಿಲ್ಲುವುದು, ಇಲ್ಲವೇ ಕೆಲವು ಸೆಕೆಂಡ್ ಓಡಿ ಆಫ್ ಆಗುವುದು. ಮೂರನೆಯದು, ಫ್ಯಾನ್ ಚೆನ್ನಾಗಿ ತಿರುಗುತ್ತಿದೆ, ಲೈಟೂ ಇದೆ, ಮಾನಿಟರ್ ಮಾತ್ರ ಕಪ್ಪು.

ಮೂರನೆಯದು ನಿಮ್ಮದಾದರೆ ಅದು ಪವರ್ ಸಮಸ್ಯೆಯೇ ಅಲ್ಲ ಅಂತ ಇಟ್ಟುಕೊಳ್ಳಿ. ಮಾನಿಟರ್ ಕೇಬಲ್ ಗ್ರಾಫಿಕ್ಸ್ ಕಾರ್ಡಿಗೆ ಹಾಕಬೇಕಾದ್ದು ಮದರ್‌ಬೋರ್ಡಿನ ಪೋರ್ಟಿಗೆ ಹಾಕಿದ್ದೀರಾ ನೋಡಿ. ರ್ಯಾಮ್ ತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ಮಕ್ಕಳ ರಬ್ಬರಿನಿಂದ ಮೆತ್ತಗೆ ಉಜ್ಜಿ, ಪುಡಿ ಒರೆಸಿ, ಟಕ್ ಅನ್ನುವ ತನಕ ಒತ್ತಿ ಕೂರಿಸಿ. ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. ಈ ಬರಹ ಮೊದಲ ಎರಡು ಜಾತಿಗೆ.

ತೂಬಿನಲ್ಲಿ ನೀರಿದೆಯಾ?

ಚಿತ್ರದುರ್ಗದಲ್ಲಿ ನನ್ನ ಬಾಮೈದನದ್ದು ಒಂದು ಜೆರಾಕ್ಸ್ ಅಂಗಡಿ. ಒಂದು ಬೇಸಿಗೆಯಲ್ಲಿ ಬೆಳಿಗ್ಗೆ ಬೆಳಿಗ್ಗೆ ಫೋನ್ ಮಾಡಿದ.

"ಭಾವ, ಸಿಸ್ಟಂ ಸತ್ತೋಗೈತೆ. ಜೆರಾಕ್ಸ್ ಮಷಿನ್ ಓಡ್ತೈತೆ, ಇದೊಂದೇ ಇಲ್ಲ."

"ಇದರ ಪ್ಲಗ್ಗಲ್ಲಿ ಕರೆಂಟ್ ಐತೇನೋ?"

"ಐತೆ, ಟೆಸ್ಟರ್ ಹಾಕಿ ನೋಡ್ದೆ. ಜಗ್ಗಿ ಉರೀತೈತೆ."

"ಟೆಸ್ಟರ್ ಬಿಡು. ಅದೇ ಪ್ಲಗ್ಗಿಗೆ ಇಸ್ತ್ರಿ ಪೆಟ್ಟಿಗೆ ಹಾಕು."

ಅಂಗಡಿ ಹಿಂದೆಯೇ ಮನೆ. ಹೋಗಿ ತಂದು ಹಾಕಿದ. ಸ್ವಲ್ಪ ಹೊತ್ತು ಆ ಕಡೆ ಸದ್ದಿಲ್ಲ.

"ಕಾಯ್ತಿಲ್ಲ ಭಾವ. ಆದ್ರೆ ಟೆಸ್ಟರ್..."

ಇದೇ ನೋಡಿ ಟೆಸ್ಟರ್ ಮಾಡುವ ಮೋಸ. ಟೆಸ್ಟರಿನ ದೀಪ ಉರಿಯುವುದು ಫೇಸ್ ತಂತಿಯಿಂದ ನಿಮ್ಮ ಮೈ ಮೂಲಕ ನೆಲಕ್ಕೆ ಹರಿಯುವ ಚೂರೇ ಚೂರು ಕರೆಂಟಿನಿಂದ. ನ್ಯೂಟ್ರಲ್ ತಂತಿ ಇದೆಯೋ ಕಡಿದು ಬಿದ್ದಿದೆಯೋ ಅದಕ್ಕೆ ಗೊತ್ತೇ ಆಗುವುದಿಲ್ಲ. ಬರುವ ದಾರಿ ಇದೆ, ಹೋಗುವ ದಾರಿ ಇಲ್ಲ ಅಂದರೆ ಕರೆಂಟ್ ಓಡುವುದಿಲ್ಲ. ಎಲೆಕ್ಟ್ರಿಷಿಯನ್ ಬಂದು ಮೇನ್ ಆಫ್ ಮಾಡಿ ಸ್ವಿಚ್ ಬೋರ್ಡ್ ಬಿಚ್ಚಿದಾಗ ಆ ಪ್ಲಗ್ಗಿನ ನ್ಯೂಟ್ರಲ್ ಸ್ಕ್ರೂ ಸಡಿಲಾಗಿ, ತಂತಿಯ ತುದಿ ಇದ್ದಿಲಿನ ಹಾಗೆ ಕಪ್ಪಾಗಿತ್ತು. ತುದಿ ಕತ್ತರಿಸಿ, ಹೊಸದಾಗಿ ಸುಲಿದು ಬಿಗಿ ಮಾಡಿದ. ಅಷ್ಟೇ. ಬಾಮೈದ ಅಷ್ಟರಲ್ಲಿ ಹೊಸ ಸಿಸ್ಟಂ ರೇಟ್ ಕೇಳಿ ಆಗಿತ್ತು.

ಮೊಬೈಲ್ ಚಾರ್ಜರ್ ಹಾಕಿ "ಚಾರ್ಜ್ ಆಗ್ತಿದೆಯಲ್ಲ" ಅನ್ನುವುದೂ ಪೂರ್ತಿ ಪರೀಕ್ಷೆಯಲ್ಲ. ಚಾರ್ಜರಿಗೆ 100 ವೋಲ್ಟ್ ಇದ್ದರೂ ಸಾಕು, ಎಳೆಯುವುದೂ ಕೆಲವೇ ವ್ಯಾಟ್. ಸಡಿಲ ಸಾಕೆಟ್ಟಿನಲ್ಲೂ ಅದು ಬದುಕುತ್ತದೆ. ಸಿಸ್ಟಂ ಆನ್ ಆಗುವ ಗಳಿಗೆಯಲ್ಲಿ ಒಂದೇ ಸಲಕ್ಕೆ ಜೋರಾಗಿ ಕರೆಂಟ್ ಎಳೆಯುತ್ತದೆ, ಆಗ ಸಡಿಲ ಕಡೆ ಚಟಪಟ ಅಂದು ಕೈ ಕೊಡುತ್ತದೆ. ಆದ್ದರಿಂದ ಭಾರ ಎಳೆಯುವ ಏನಾದರೂ ಹಾಕಿ ನೋಡಿ. ಇಸ್ತ್ರಿ ಪೆಟ್ಟಿಗೆ ಒಳ್ಳೆಯದು. ಹೋಲ್ಡರಿಗೆ ವೈರ್ ಕಟ್ಟಿದ 100 ವ್ಯಾಟಿನ ಹಳೇ ಬುರುಡೆ ಬಲ್ಬ್ ಇದ್ದರೆ ಇನ್ನೂ ಒಳ್ಳೆಯದು, ವೋಲ್ಟೇಜ್ ಕಮ್ಮಿ ಇದ್ದರೆ ಮಂಕಾಗಿ ಉರಿದು ಅದನ್ನೂ ಹೇಳುತ್ತದೆ. ಪಂಪ್‌ಸೆಟ್ ಜಾಸ್ತಿ ಇರುವ ಹಳ್ಳಿಗಳಲ್ಲಿ ಮೋಟರ್‌ಗಳೆಲ್ಲ ಒಟ್ಟಿಗೆ ಓಡುವ ಹೊತ್ತಿಗೆ ವೋಲ್ಟೇಜ್ ಕುಸಿಯುವುದು ನಿಮಗೇ ಗೊತ್ತಲ್ಲ. ರಾತ್ರಿ ಆನ್ ಆಗುವ ಸಿಸ್ಟಂ ಹಗಲು ಆಗುತ್ತಿಲ್ಲ ಅಂದರೆ ಮೊದಲ ಅನುಮಾನ ಅದರ ಮೇಲೇ ಇರಲಿ.

ಗೋಡೆ ಸರಿ ಇದೆ ಅಂತಾಯಿತು. ಮುಂದಿನದು ಯುಪಿಎಸ್ ಮತ್ತು ಸ್ಪೈಕ್ ಬಸ್ಟರ್. ಎರಡನ್ನೂ ಪಕ್ಕಕ್ಕಿಟ್ಟು ಸಿಸ್ಟಂನ ವೈರನ್ನು ನೇರ ಗೋಡೆಗೆ ಹಾಕಿ. ಆನ್ ಆಯಿತಾ? ಹಾಗಾದರೆ ಕಂಪ್ಯೂಟರಿಗೆ ಏನೂ ಆಗಿಲ್ಲ. ಯುಪಿಎಸ್ ಒಳಗಿನ 12 ವೋಲ್ಟ್ 7 ಆಂಪಿಯರ್ ಅವರ್ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸುಸ್ತಾಗುತ್ತದೆ. ನಮ್ಮ ಬೇಸಿಗೆಗೆ ಇನ್ನೂ ಬೇಗ. ಬ್ಯಾಟರಿ ಪೂರ್ತಿ ಬಿದ್ದ ಮೇಲೆ ಕೆಲವು ಯುಪಿಎಸ್‌ಗಳು ಕರೆಂಟ್ ಇದ್ದರೂ ಏಳುವುದಿಲ್ಲ. ಸ್ಪೈಕ್ ಬಸ್ಟರಿನ ಕೆಂಪು ದೀಪವನ್ನೂ ನಂಬಬೇಡಿ. ದೀಪ ಉರಿಯುತ್ತಿರುತ್ತದೆ, ಒಳಗೆ ಆ ಒಂದು ಸಾಕೆಟ್ಟಿನ ಪಟ್ಟಿ ಸುಟ್ಟು ಸಡಿಲಾಗಿರುತ್ತದೆ. ರಿಪೇರಿ ಅಂಗಡಿಯಲ್ಲಿ ಆನ್ ಆಗಿ ಮನೆಯಲ್ಲಿ ಆಗದ ಸಿಸ್ಟಂಗಳ ಗುಟ್ಟು ಹೆಚ್ಚಾಗಿ ಇಷ್ಟೇ.

ಪವರ್ ಕಾರ್ಡ್ ಪರೀಕ್ಷೆ ಸುಲಭ. ಹೆಚ್ಚಿನ ಮಾನಿಟರಿಗೂ ಅದೇ ಮೂರು ತೂತಿನ ಕಾರ್ಡ್ ಇರುತ್ತದೆ, ಅದಲು ಬದಲು ಮಾಡಿ. ಮಾನಿಟರ್ ಈಗ ಸತ್ತರೆ ಕಳ್ಳ ಸಿಕ್ಕಿದ.

ಈಗ ಸಿಪಿಯು ಹಿಂಭಾಗ ತಿರುಗಿಸಿ. ಪವರ್ ಕಾರ್ಡ್ ಹೋಗಿ ಸೇರುವ ತಗಡಿನ ಡಬ್ಬಿಯೇ ಎಸ್‌ಎಂಪಿಎಸ್, ಗೋಡೆಯ ಕರೆಂಟನ್ನು ಸಿಸ್ಟಂಗೆ ಬೇಕಾದ ಸಣ್ಣ ವೋಲ್ಟೇಜಿಗೆ ಇಳಿಸಿ ಕೊಡುವುದು. ಎಸ್‌ಎಂಪಿಎಸ್ ಮೇಲೆ ಒಂದು ಸ್ವಿಚ್ ಇರುತ್ತದೆ, ಒಂದು ಕಡೆ ಗೆರೆ, ಇನ್ನೊಂದು ಕಡೆ ಸೊನ್ನೆ. ಗೆರೆ ಅಂದರೆ ಆನ್. ನೆಲ ಒರೆಸುವಾಗ ಪೊರಕೆ ತಗುಲಿ ಅದು ಸೊನ್ನೆಗೆ ಹೋಗಿರುವುದನ್ನು ನಾನೇ ಕಡಿಮೆ ಅಂದರೂ ನಾಲ್ಕು ಸಲ ಕಂಡಿದ್ದೇನೆ. ಹಳೇ ಎಸ್‌ಎಂಪಿಎಸ್‌ಗಳಲ್ಲಿ ಪಕ್ಕದಲ್ಲೇ ಒಂದು ಕೆಂಪು ಜಾರು ಸ್ವಿಚ್ ಇರುತ್ತದೆ, 115 ಅಥವಾ 230 ಅಂತ. ಅದು 230ರಲ್ಲೇ ಇರಬೇಕು, ಯಾರೂ ಮುಟ್ಟಬಾರದು. ನಮ್ಮ ಅಕ್ಕನ ಮಗ ಐದನೇ ಕ್ಲಾಸಿನಲ್ಲಿದ್ದಾಗ "ಮಾವ ಇದೇನು" ಅಂತ ಕೇಳುತ್ತಲೇ ಆ ಕಡೆ ಜಾರಿಸಿದ. ನಾನು ಈ ಕಡೆ ಸ್ವಿಚ್ ಹಾಕಿದೆ. ಢಬ್ ಅಂತ ಒಂದು ಸದ್ದು, ಒಂದು ಎಳೆ ಹೊಗೆ, ಮೀನು ಸುಟ್ಟ ಹಾಗೆ ವಾಸನೆ. 115ಕ್ಕೆ ಇಟ್ಟರೆ ಒಳಗಿನ ಸರ್ಕ್ಯೂಟ್ ಬಂದ ವೋಲ್ಟೇಜನ್ನು ದುಪ್ಪಟ್ಟು ಮಾಡುತ್ತದೆ. 230ನ್ನು ದುಪ್ಪಟ್ಟು ಮಾಡಲು ಹೋದರೆ ಕಪಾಸಿಟರ್‌ಗಳ (ಚಾರ್ಜ್ ಕೂಡಿಟ್ಟುಕೊಳ್ಳುವ ಡಬ್ಬಿಗಳು) ಮೇಲೆ ಸುಮಾರು 650 ವೋಲ್ಟ್ ಬೀಳುತ್ತದೆ. ಅವಾದರೂ ಏನು ಮಾಡಿಯಾವು ಪಾಪ.

ಇನ್ನೊಂದು ಪುಕ್ಕಟೆ ಔಷಧ. ವೈರ್ ಕಿತ್ತು, ಪವರ್ ಬಟನ್ ಅನ್ನು 30 ಸೆಕೆಂಡ್ ಒತ್ತಿ ಹಿಡಿಯಿರಿ. ಹತ್ತು ನಿಮಿಷ ಬಿಟ್ಟು ವೈರ್ ಹಾಕಿ ನೋಡಿ. ಕರೆಂಟ್ ಹೋಗಿ ಬಂದು ಮಾಡಿದಾಗ ಎಸ್‌ಎಂಪಿಎಸ್ ಒಳಗಿನ ರಕ್ಷಣಾ ಸರ್ಕ್ಯೂಟ್ ಬಾಗಿಲು ಹಾಕಿಕೊಂಡು ಕೂತುಬಿಡುತ್ತದೆ. ಉಳಿದ ಚಾರ್ಜ್ ಇಳಿದು ಹೋದರೆ ತಾನಾಗಿ ಬಾಗಿಲು ತೆಗೆಯುತ್ತದೆ. ಮಂತ್ರದ ಹಾಗೆ ಕಂಡರೂ ಮಂತ್ರ ಅಲ್ಲ.

ಮುಚ್ಚಳ ತೆಗೆಯಿರಿ

ವೈರ್ ಕಿತ್ತು ತೆಗೆಯಿರಿ. ಒಳಗೆ ಏನು ಕಾಣುತ್ತದೆ ಅನ್ನುವುದು ನಿಮ್ಮ ಊರಿನ ಮೇಲೆ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳ ಕಡೆಯಿಂದ ಬಂದ ಸಿಸ್ಟಂ ತೆರೆದರೆ ಹಗುರವಾದ ಹೊಟ್ಟಿನ ಧೂಳು, ಬೂದಿ. ಊದಿದರೆ ಹೋಗುತ್ತದೆ. ಚಳ್ಳಕೆರೆಯ ಎಣ್ಣೆ ಮಿಲ್ಲಿನ ಆಫೀಸಿನಿಂದ ಒಂದು ಬಂದಿತ್ತು, ಅದರ ಧೂಳು ಎಣ್ಣೆ ಹಿಡಿದು, ಪ್ರೊಸೆಸರಿನ ಬಿಸಿ ಹೀರುವ ಹೀಟ್‌ಸಿಂಕಿಗೆ ಕಂಬಳಿ ಹೊದಿಸಿದ ಹಾಗೆ ಅಂಟಿತ್ತು, ಬ್ಲೋವರಿಗೂ ಜಗ್ಗಲಿಲ್ಲ. ಬ್ರಷ್ ಹಿಡಿದು ಕೂರಬೇಕಾಯಿತು. ಧೂಳಿನಿಂದಲೇ ಸಿಸ್ಟಂ ಆನ್ ಆಗದಿರುವುದು ಕಮ್ಮಿ, ಆದರೆ ಧೂಳು ತೆಗೆಯದೆ ಏನೂ ಕಾಣುವುದಿಲ್ಲ. ಬ್ಲೋವರ್ ಹಾಕುವಾಗ ಫ್ಯಾನಿಗೆ ಒಂದು ಬೆರಳು ಅಡ್ಡ ಇಡಿ, ಅದು ಗಿರ್ರನೆ ತಿರುಗಲು ಬಿಡಬೇಡಿ.

ಬೋರ್ಡಿನ ಮೇಲೆ ಉದ್ದ ಡಬ್ಬಿಯಂಥ ಕಪಾಸಿಟರ್‌ಗಳ ತಲೆ ನೋಡಿ. ಚಪ್ಪಟೆ ಇರಬೇಕು. ಪೂರಿ ಹಾಗೆ ಉಬ್ಬಿದ್ದರೆ, ಕಂದು ಅಂಟು ಸೋರಿದ್ದರೆ ತಪ್ಪಿತಸ್ಥ ಅಲ್ಲೇ ಇದ್ದಾನೆ. 2000ದ ಆಸುಪಾಸಿನ ಕೆಲವು ವರ್ಷ ಕೆಟ್ಟ ಎಲೆಕ್ಟ್ರೊಲೈಟ್ ದ್ರವ ತುಂಬಿದ ಕಪಾಸಿಟರ್‌ಗಳು ಜಗತ್ತಿನಾದ್ಯಂತ ಬೋರ್ಡುಗಳನ್ನು ಕೆಡಿಸಿದವು. ಈಗಿನ ಬೋರ್ಡುಗಳಲ್ಲಿ ಘನ ಕಪಾಸಿಟರ್ ಜಾಸ್ತಿ, ಈ ಕಾಟ ಅಷ್ಟಿಲ್ಲ.

ಈಗ ವೈರ್ ಹಾಕಿ, ಬಟನ್ ಮುಟ್ಟಬೇಡಿ. ಸುಮ್ನೆ ನೋಡಿ. ಬೋರ್ಡಿನ ಮೇಲೆ ಒಂದು ಪುಟ್ಟ ಹಸಿರು ಅಥವಾ ಕಿತ್ತಳೆ ದೀಪ ಉರಿಯುತ್ತಿದೆಯಾ? ಸಿಸ್ಟಂ ಆಫ್ ಇದ್ದರೂ ಎಸ್‌ಎಂಪಿಎಸ್ 5 ವೋಲ್ಟ್ ಒಂದನ್ನು ಸದಾ ಕೊಡುತ್ತಲೇ ಇರುತ್ತದೆ, ನೇರಳೆ ಬಣ್ಣದ ವೈರಿನಲ್ಲಿ. ಇದನ್ನು ಸ್ಟ್ಯಾಂಡ್‌ಬೈ ಅನ್ನುತ್ತಾರೆ. ನಿಮ್ಮ ಬಟನ್ನಿಗೆ ಕಿವಿಗೊಟ್ಟು ಕಾಯುವುದು ಈ ಕರೆಂಟೇ. ಇದಿಲ್ಲದಿದ್ದರೆ ಬಟನ್ ಒತ್ತಿ ಏನೂ ಪ್ರಯೋಜನವಿಲ್ಲ. ಎಲ್ಲಾ ಬೋರ್ಡಿನಲ್ಲೂ ದೀಪ ಇರುವುದಿಲ್ಲ. ಇಲ್ಲದಿದ್ದರೆ ಮೀಟರನ್ನು ಡಿಸಿ 20 ವೋಲ್ಟಿಗೆ ಇಟ್ಟು, ಕಪ್ಪು ಕಡ್ಡಿಯನ್ನು ಯಾವುದಾದರೂ ಕಪ್ಪು ವೈರಿನ ಪಿನ್ನಿಗೆ, ಕೆಂಪು ಕಡ್ಡಿಯನ್ನು ಎಸ್‌ಎಂಪಿಎಸ್‌ನಿಂದ ಬೋರ್ಡಿಗೆ ಬರುವ 24 ಪಿನ್ನಿನ ದೊಡ್ಡ ಪ್ಲಗ್ಗಿನ ಹಿಂದಿನಿಂದ ನೇರಳೆ ವೈರಿನ ಜೊತೆ ತೂರಿಸಿ. 4.75ರಿಂದ 5.25ರ ಒಳಗೆ ಬಂದರೆ ಸರಿ.

ಇಲ್ಲಿ ದಾರಿ ಎರಡಾಗುತ್ತದೆ. ಸ್ಟ್ಯಾಂಡ್‌ಬೈ ಇದ್ದರೆ ಬಟನ್ ಕಡೆ ಹೋಗಿ. ಇಲ್ಲದಿದ್ದರೆ ಎಸ್‌ಎಂಪಿಎಸ್ ಕಡೆ ಹೋಗಿ.

ಬಟನ್, ಮತ್ತು ಆಯುಧ ಪೂಜೆಯ ಕುಂಕುಮ

ಮಂಡಿಪೇಟೆಯ ಒಬ್ಬ ಸಾಹುಕಾರರ ಲೆಕ್ಕದ ಸಿಸ್ಟಂ. ಆಯುಧ ಪೂಜೆ ಮುಗಿದ ಮೂರನೇ ದಿನ ಅಳು ಶುರುಮಾಡಿತು. ಬಟನ್ ಒತ್ತಿದರೆ ಆನ್ ಆಗುತ್ತದೆ, ಫ್ಯಾನ್ ತಿರುಗುತ್ತದೆ, ಪಟ್ ಅಂತ ಆಫ್. ಮತ್ತೆ ಒತ್ತಿದರೆ ಏನೂ ಇಲ್ಲ. ಅರ್ಧ ಗಂಟೆ ಬಿಟ್ಟು ಒತ್ತಿದರೆ ಮತ್ತೆ ಬಂದು ಮತ್ತೆ ಹೋಗುತ್ತದೆ. ಅಷ್ಟರಲ್ಲಿ ಒಂದು ಕಡೆ ತೋರಿಸಿ ಆಗಿತ್ತು. ಬೋರ್ಡ್ ಬದಲಾಯಿಸಬೇಕು, ಹಳೇದು ಸಿಗಲ್ಲ, ಹೊಸದು ಹಾಕಿದರೆ ಪ್ರೊಸೆಸರೂ ರ್ಯಾಮೂ ಹೊಸದೇ ಬೇಕು ಅಂದಿದ್ದರಂತೆ.

"ತಮ್ಮಾ, ನೀನೊಂದ್ಸಲ ನೋಡಪ್ಪ" ಅಂತ ಕರೆದರು. ಹೋದೆ. ಕ್ಯಾಬಿನೆಟ್ ಮುಖದ ಮೇಲೆ ಮೂರು ಬೆರಳಿನ ವಿಭೂತಿ, ನಡುವೆ ರೂಪಾಯಿ ಅಗಲದ ಕುಂಕುಮ, ಸರಿಯಾಗಿ ಪವರ್ ಬಟನ್ನಿನ ಮೇಲೇ. ಹಣೆ ಎಲ್ಲಿದೆ ಅಂತ ಹುಡುಕಿ ಇಟ್ಟ ಹಾಗಿತ್ತು. ಆಗ ಅದು ನನ್ನ ತಲೆಗೆ ಹೋಗಲಿಲ್ಲ, ನಿಜ ಹೇಳಬೇಕಲ್ಲ. ನಾನು ಎಣಿಸಿದೆ. ಬಟನ್ ಒತ್ತಿ ಒಂದು, ಎರಡು, ಮೂರು, ನಾಲ್ಕು, ಪಟ್. ಅರ್ಧ ಗಂಟೆ ಕಾದು ಚಹಾ ಕುಡಿದು ಮತ್ತೆ. ಒಂದು, ಎರಡು, ಮೂರು, ನಾಲ್ಕು, ಪಟ್.

ಬಿಸಿಯಾಗಿ ನಿಲ್ಲುವ ಸಿಸ್ಟಂ ಹೀಗೆ ಲೆಕ್ಕ ಇಟ್ಟು ನಿಲ್ಲುವುದಿಲ್ಲ. ನಾಲ್ಕು ಸೆಕೆಂಡ್ ಅಂದರೆ ಬೇರೆ ಅರ್ಥ. ಸಿಸ್ಟಂ ಹ್ಯಾಂಗ್ ಆದಾಗ ನಾವು ಬಟನ್ ಒತ್ತಿ ಹಿಡಿದು ಆಫ್ ಮಾಡುತ್ತೇವಲ್ಲ, ಅದರ ಲೆಕ್ಕ ಅದು. ಅಂದರೆ ಬೋರ್ಡಿನ ಪ್ರಕಾರ ಯಾರೋ ಬಟನ್ ಒತ್ತಿ ಹಿಡಿದೇ ಇದ್ದಾರೆ. ಆಮೇಲೆ ಕುಂಕುಮ ನೋಡಿದೆ. ಕುಂಕುಮ, ಎಣ್ಣೆ ಕೈ, ತೀರ್ಥ ಎಲ್ಲಾ ಸೇರಿ ಬಟನ್ ಸುತ್ತಲಿನ ಸಂದಿಗೆ ಇಳಿದು ಒಣಗಿ ಅಂಟಾಗಿತ್ತು. ಒತ್ತಿದ ಬಟನ್ ಒಳಗೇ ಸಿಕ್ಕಿಕೊಂಡು, ನಿಧಾನಕ್ಕೆ ಅರ್ಧ ಗಂಟೆಯಲ್ಲಿ ಹೊರಗೆ ಬರುತ್ತಿತ್ತು.

ಅನುಮಾನ ಖಾತ್ರಿ ಮಾಡಿಕೊಳ್ಳುವುದು ಹೀಗೆ. ಬಟನ್ನಿನಿಂದ ಬರುವ ಎರಡು ತೆಳು ವೈರ್ ಬೋರ್ಡಿನ ಕೆಳ ಮೂಲೆಯಲ್ಲಿ ಪವರ್ ಸ್ವಿಚ್ ಅಂತ ಬರೆದ ಪುಟ್ಟ ಪ್ಲಗ್ಗಿನಲ್ಲಿ ಮುಗಿಯುತ್ತವೆ. ಆ ಪ್ಲಗ್ ಕಿತ್ತುಬಿಡಿ. ಈಗ ಕಾಣುವ ಆ ಎರಡು ಪಿನ್ನಿಗೆ ಸ್ಕ್ರೂ ಡ್ರೈವರಿನ ತುದಿಯನ್ನು ಒಂದು ಗಳಿಗೆ ತಾಗಿಸಿ ತೆಗೆಯಿರಿ. ಸಾಮಾನ್ಯವಾಗಿ ಒಂಬತ್ತು ಪಿನ್ನಿನ ಗುಂಪಿನಲ್ಲಿ 6 ಮತ್ತು 8ನೆಯವು. ಬೋರ್ಡಿನ ಮೇಲೆ ಸಣ್ಣಕ್ಷರದಲ್ಲಿ ಬರೆದೂ ಇರುತ್ತದೆ, ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಅಲ್ಲಿರುವುದು ಸ್ಟ್ಯಾಂಡ್‌ಬೈ ಮಟ್ಟದ ಚಿಕ್ಕ ವೋಲ್ಟೇಜ್, ಶಾಕ್ ಹೊಡೆಯುವುದಿಲ್ಲ. ಪಕ್ಕದ ಬೇರೆ ಪಿನ್ನಿಗೆ ತಾಗಿಸಬೇಡಿ ಅಷ್ಟೇ.

ಸಾಹುಕಾರರ ಸಿಸ್ಟಂ ಆನ್ ಆಯಿತು, ಆನ್ ಆಗಿಯೇ ಉಳಿಯಿತು. ಬಟನ್ ಬಿಚ್ಚಿ ಸ್ಪಿರಿಟ್ ಬಟ್ಟೆಯಲ್ಲಿ ಒರೆಸಿದೆ. ಬಟನ್ ನಿಜವಾಗಿ ಕೆಟ್ಟಿದ್ದರೂ ಚಿಂತೆಯಿಲ್ಲ. ರೀಸೆಟ್ ಬಟನ್ನಿನ ಪ್ಲಗ್ ತೆಗೆದು ಪವರ್ ಪಿನ್ನಿಗೆ ಹಾಕಿ, ಇನ್ನು ಮೇಲೆ ರೀಸೆಟ್ಟೇ ಪವರ್. ಸ್ವಿಚ್ಚಿನ ವೈರಿಗೆ ಉಲ್ಟಾ ಸೀದಾ ಇಲ್ಲ, ಹೇಗೆ ಹಾಕಿದರೂ ನಡೆಯುತ್ತದೆ. ಪೂಜೆ ಬೇಡ ಅಂತಲ್ಲ. ಮುಂದಿನ ವರ್ಷ ಕ್ಯಾಬಿನೆಟ್ ತಲೆ ಮೇಲೆ ಇಡಿ ಅಂತ ಹೇಳಿ ಬಂದೆ. ಅವರು ಮಾನಿಟರಿಗೆ ಇಟ್ಟಿದ್ದಾರೆ.

ಎಸ್‌ಎಂಪಿಎಸ್: ಕ್ಲಿಪ್ ಹಾಕಿ ಎಬ್ಬಿಸುವುದು

ಮೊದಲೇ ಒಂದು ಮಾತು. ಎಸ್‌ಎಂಪಿಎಸ್ ಡಬ್ಬಿಯನ್ನು ಬಿಚ್ಚಬೇಡಿ. ಒಳಗಿನ ದೊಡ್ಡ ಕಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ಡಿಸಿ ಇರುತ್ತದೆ, ವೈರ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿದಿರುತ್ತದೆ. ಫ್ಯೂಸ್ ಹಾಕಿ ಸರಿಮಾಡುತ್ತೇನೆ ಅನ್ನುವ ಆಸೆ ಬೇಡ. ಫ್ಯೂಸ್ ಸುಮ್ನೆ ಹೋಗುವುದಿಲ್ಲ, ಒಳಗೆ ಏನೋ ಶಾರ್ಟ್ ಆದ ಮೇಲೇ ಹೋಗಿರುತ್ತದೆ.

ಹೊರಗಿನಿಂದ ಪರೀಕ್ಷೆ ಮಾಡಬಹುದು. ಕರೆಂಟ್ ತೆಗೆದು, ಎಸ್‌ಎಂಪಿಎಸ್‌ನ ಎಲ್ಲಾ ಪ್ಲಗ್‌ಗಳನ್ನು ಬೋರ್ಡಿನಿಂದ ಕೀಳಿ. 24 ಪಿನ್ನಿನ ದೊಡ್ಡ ಪ್ಲಗ್ಗಿನಲ್ಲಿ ಹಸಿರು ವೈರ್ ಒಂದೇ ಒಂದು. ಅದಕ್ಕೂ ಪಕ್ಕದ ಕಪ್ಪು ವೈರಿಗೂ ಪೇಪರ್ ಕ್ಲಿಪ್ ಬಗ್ಗಿಸಿ ಸಿಕ್ಕಿಸಿ. ಹಳೇ ಡಿವಿಡಿ ಡ್ರೈವ್ ಇದ್ದರೆ ಒಂದು ಪ್ಲಗ್ಗಿಗೆ ಹಾಕಿ, ಸ್ವಲ್ಪ ಭಾರ ಇರಲಿ. ಆಮೇಲೆ ಕರೆಂಟ್ ಕೊಡಿ. ಕ್ಲಿಪ್ ಮಾಡುವ ಕೆಲಸವನ್ನೇ ಬೋರ್ಡ್ ಮಾಡುವುದು, ನೀವು ಬಟನ್ ಒತ್ತಿದಾಗ ಅದು ಹಸಿರನ್ನು ಕಪ್ಪಿಗೆ ಸೇರಿಸುತ್ತದೆ. ಕೆಲವು ಬ್ರಾಂಡೆಡ್ ಆಫೀಸ್ ಸಿಸ್ಟಂಗಳಲ್ಲಿ 24 ಪಿನ್ ಬದಲು ಅವರದೇ ಪ್ಲಗ್ ಇರುತ್ತದೆ, ಕೆಲವು ಎಸ್‌ಎಂಪಿಎಸ್‌ಗಳಲ್ಲಿ ಎಲ್ಲಾ ವೈರೂ ಕಪ್ಪು. ಅಂಥದ್ದರಲ್ಲಿ ಪಿನ್ ಚಿತ್ರ ನೋಡದೆ ಈ ಆಟ ಬೇಡ.

ಎಸ್‌ಎಂಪಿಎಸ್ ಫ್ಯಾನ್ ತಿರುಗಿತಾ? ಖುಷಿಯಾಗಿ ಅಲ್ಲೇ ನಿಲ್ಲಬೇಡಿ. ಫ್ಯಾನ್ ತಿರುಗುವುದಕ್ಕೂ ವೋಲ್ಟೇಜ್ ಸರಿ ಇರುವುದಕ್ಕೂ ನೆಂಟಸ್ತನ ಕಮ್ಮಿ. ಮೀಟರ್ ಹಿಡಿಯಿರಿ. ಹಳದಿಯಲ್ಲಿ 11.4ರಿಂದ 12.6, ಕೆಂಪಿನಲ್ಲಿ 4.75ರಿಂದ 5.25, ಕಿತ್ತಳೆಯಲ್ಲಿ 3.14ರಿಂದ 3.47. ಬೂದು ಬಣ್ಣದ ವೈರಿನಲ್ಲಿ ಹತ್ತಿರ ಹತ್ತಿರ 5 ವೋಲ್ಟ್ ಬರಬೇಕು. ಅದು "ಎಲ್ಲಾ ಸರಿ ಇದೆ, ಶುರುಮಾಡು" ಅಂತ ಎಸ್‌ಎಂಪಿಎಸ್ ಬೋರ್ಡಿಗೆ ಕೊಡುವ ಸಿಗ್ನಲ್. ಅದು ಬರದಿದ್ದರೆ ಮಿಕ್ಕವು ಇದ್ದರೂ ಪ್ರೊಸೆಸರ್ ಏಳುವುದಿಲ್ಲ.

ಇಷ್ಟೆಲ್ಲ ಸರಿ ಬಂದೂ ಭಾರ ಬಿದ್ದಾಗ ಕುಸಿಯುವ ಎಸ್‌ಎಂಪಿಎಸ್‌ಗಳಿವೆ. ಡಬ್ಬಿ ಮೇಲೆ 450 ವ್ಯಾಟ್ ಅಂತ ಬರೆದು, ಕೈಯಲ್ಲಿ ಎತ್ತಿದರೆ ಖಾಲಿ ಟಿಫನ್ ಡಬ್ಬಿಯಷ್ಟು ಹಗುರ ಇರುವವು. ಅನುಮಾನ ಇದ್ದರೆ ಗೆಳೆಯರ ಸಿಸ್ಟಂನಿಂದ ಒಳ್ಳೆಯದೊಂದನ್ನು ಅರ್ಧ ಗಂಟೆ ಸಾಲ ತಂದು ಹಾಕಿ ನೋಡುವುದೇ ಕೊನೇ ತೀರ್ಮಾನ. ಹೊಸದು ಕೊಳ್ಳುವುದಾದರೆ ನೂರಿನ್ನೂರು ಉಳಿಸಲು ಹೋಗಬೇಡಿ.

ಫ್ಯಾನ್ ಮಿಸುಕಾಡಿ ನಿಂತರೆ

ಇದು ಎರಡನೇ ಜಾತಿ. ನೀರು ಗದ್ದೆ ತನಕ ಬಂದಿದೆ, ಆದರೆ ಎಲ್ಲೋ ಬದು ಒಡೆದು ಒಮ್ಮೆಲೇ ಹರಿದುಹೋಗುತ್ತಿದೆ. ಎಲ್ಲೋ ಶಾರ್ಟ್ ಇದೆ, ಎಸ್‌ಎಂಪಿಎಸ್ ಅದನ್ನು ಕಂಡು ಕೈ ಎತ್ತುತ್ತಿದೆ. ಇಲ್ಲಿ ಕೆಲಸ ಸುಲಭ, ಬೇಜಾರಿನದು. ಒಂದೊಂದೇ ಕಿತ್ತು ಒತ್ತಿ ನೋಡುವುದು. ಪ್ರತಿ ಸಲ ಕರೆಂಟ್ ತೆಗೆದೇ ಕೀಳಿ.

ನಾನು ಮೊದಲು ಕೀಳುವುದು ಮುಂದಿನ ಯುಎಸ್‌ಬಿ ಪೋರ್ಟಿನ ವೈರ್. ಪೆನ್ ಡ್ರೈವ್ ಉಲ್ಟಾ ತುರುಕಿ ತುರುಕಿ ಒಳಗಿನ ಪಟ್ಟಿ ಬಾಗಿ ಒಂದಕ್ಕೊಂದು ತಾಗಿರುತ್ತದೆ. ಜೆರಾಕ್ಸ್ ಅಂಗಡಿ ಸಿಸ್ಟಂಗಳಲ್ಲಿ ಇದು ಮಾಮೂಲು, ದಿನಕ್ಕೆ ನೂರು ಜನ ತುರುಕುತ್ತಾರೆ. ಆಮೇಲೆ ಡಿವಿಡಿ ಡ್ರೈವ್, ಹಾರ್ಡ್ ಡಿಸ್ಕ್, ಗ್ರಾಫಿಕ್ಸ್ ಕಾರ್ಡ್. ಕೊನೆಗೆ ಬೋರ್ಡ್, ಪ್ರೊಸೆಸರ್, ಒಂದು ರ್ಯಾಮ್ ಇಷ್ಟೇ ಉಳಿಯಬೇಕು. ಯಾವುದನ್ನು ಕಿತ್ತಾಗ ಸಿಸ್ಟಂ ಎದ್ದಿತೋ ಅದೇ ಕಾರಣ.

ಇಷ್ಟಾದರೂ ಏಳದಿದ್ದರೆ ಬೋರ್ಡನ್ನೇ ಬಿಚ್ಚಿ ಹೊರಗೆ ತೆಗೆದು ಒಣ ರಟ್ಟಿನ ಮೇಲಿಟ್ಟು ನೋಡಿ. ಬೋರ್ಡ್ ಜೊತೆ ಬಂದ ಹೊಳೆಯುವ ಕವರಿನ ಮೇಲೆ ಇಡಬೇಡಿ, ಅದರ ಮೈಯಲ್ಲಿ ಕರೆಂಟ್ ಹರಿಯಬಹುದು. ಹೊರಗೆ ಆನ್ ಆಗಿ ಒಳಗೆ ಆಗದಿದ್ದರೆ ಬೋರ್ಡಿನ ಹಿಂಬದಿಗೆ ಏನೋ ತಗುಲುತ್ತಿದೆ. ಜಾರಿ ಬಿದ್ದ ಒಂದು ಸ್ಕ್ರೂ, ಅಥವಾ ತೂತಿಲ್ಲದ ಜಾಗದಲ್ಲಿ ಹಾಕಿದ ಹಿತ್ತಾಳೆ ಕಾಲು.

ಇನ್ನೊಂದು ಪರೀಕ್ಷೆ ನನಗೆ ತುಂಬಾ ಇಷ್ಟ. ಪ್ರೊಸೆಸರ್ ಹತ್ತಿರ 4 ಅಥವಾ 8 ಪಿನ್ನಿನ ಇನ್ನೊಂದು ಪ್ಲಗ್ ಇರುತ್ತದೆ, ಹಳದಿ ಕಪ್ಪು ವೈರಿನದು. ಅದನ್ನು ಮಾತ್ರ ಕಿತ್ತು ಬಟನ್ ಒತ್ತಿ. ಇಲ್ಲಿ ತನಕ ಮಿಸುಕಾಡಿ ನಿಲ್ಲುತ್ತಿದ್ದ ಫ್ಯಾನ್ ಈಗ ನಿಲ್ಲದೆ ತಿರುಗಿದರೆ, ಪ್ರೊಸೆಸರಿಗೆ ಕರೆಂಟ್ ಕೊಡುವ ಭಾಗದ ಮಾಸ್ಫೆಟ್ (ಸ್ವಿಚ್ಚಿನ ಹಾಗೆ ಕೆಲಸ ಮಾಡುವ ಪುಟ್ಟ ಬಿಡಿಭಾಗ) ಯಾವುದೋ ಶಾರ್ಟ್ ಆಗಿದೆ, ಅಥವಾ ಅಪರೂಪಕ್ಕೆ ಪ್ರೊಸೆಸರೇ. ಈಗ "ಬೋರ್ಡ್ ಹೋಗಿದೆ" ಅಂತ ಧಾರಾಳವಾಗಿ ಹೇಳಬಹುದು. ಚಿಪ್ ಮಟ್ಟದಲ್ಲಿ ಕೆಲಸ ಮಾಡುವವರ ಹತ್ತಿರ ಇಷ್ಟನ್ನೇ ಹೇಳಿ, ಅವರ ಅರ್ಧ ದಿನ ಉಳಿಯುತ್ತದೆ.

ಬೋರ್ಡಿನ ಮೇಲಿನ ದುಂಡು ಸೆಲ್, ಸಿಆರ್ 2032, ಅದು 3 ವೋಲ್ಟಿನದು. ಅದು ಸತ್ತರೆ ತಾರೀಖು ಹಿಂದೆ ಹೋಗುತ್ತದೆ, ಆನ್ ಆಗದಿರುವುದು ಅಪರೂಪ. ಆದರೆ ಅಗ್ಗದ ಮಾಲು, ತೆಗೆದು ಐದು ನಿಮಿಷ ಬಿಟ್ಟು ಹೊಸದು ಹಾಕುವುದರಲ್ಲಿ ನಷ್ಟವಿಲ್ಲ.

ಜುಮ್ ಅನ್ನುವ ಕ್ಯಾಬಿನೆಟ್, ಮೊದಲ ಮಳೆಯ ಗುಡುಗು

ಹಿಂದಿನ ಸ್ಕ್ರೂ ಮುಟ್ಟಿದರೆ ಬೆರಳು ಜುಮ್ ಅನ್ನುತ್ತದಾ? ಅರ್ಥಿಂಗ್ ಇಲ್ಲ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕಪಾಸಿಟರ್‌ಗಳು ಚೂರು ಕರೆಂಟನ್ನು ಡಬ್ಬಿಗೆ ಬಿಡುತ್ತವೆ. ಅದು ಅರ್ಥ್ ತಂತಿಯಲ್ಲಿ ಇಳಿದು ಹೋಗಬೇಕು. ಹೋಗಲು ದಾರಿಯಿಲ್ಲದಿದ್ದರೆ ಕ್ಯಾಬಿನೆಟ್ ಮೇಲೆ ಸುಮಾರು 115 ವೋಲ್ಟ್ ತೂಗಾಡುತ್ತಿರುತ್ತದೆ. ಚಿತ್ರದುರ್ಗದ ಕಡೆ ಕೆಳಗೆ ಬಂಡೆ, ಮೇಲೆ ಒಣ ಮಣ್ಣು, ಬೇಸಿಗೆ ಬಂದರೆ ಅರ್ಥ್ ಗುಂಡಿ ಇದ್ದೂ ಇಲ್ಲದ ಹಾಗೆ. ಬಾಮೈದನಿಗೆ ಏಪ್ರಿಲ್ ತಿಂಗಳಲ್ಲಿ ವಾರಕ್ಕೊಂದು ಸಲ ಗುಂಡಿಗೆ ಎರಡು ಕೊಡ ನೀರು ಹಾಕು ಅಂದಿದ್ದೇನೆ. ತೆಂಗಿನ ಮರಕ್ಕೆ ಹಾಕುತ್ತಾನೆ, ಇದಕ್ಕೆ ಮರೆಯುತ್ತಾನೆ. ಅರ್ಥಿಂಗ್ ಇಲ್ಲ ಅಂದರೆ ಸಿಸ್ಟಂ ಆನ್ ಆಗುವುದಿಲ್ಲ ಅಂತೇನಿಲ್ಲ. ಆದರೆ ಭರಣಿ ಮಳೆಯ ಗುಡುಗು ಸಿಡಿಲಿನ ಮಾರನೇ ದಿನ ಅಂಗಡಿಗೆ ಬರುವ ಸತ್ತ ಸಿಸ್ಟಂಗಳು ಹೆಚ್ಚಾಗಿ ಇಂಥ ಮನೆಯವೇ. ಅವುಗಳಲ್ಲೂ ಎಷ್ಟೋ ಪವರ್ ವೈರಿನಿಂದ ಸತ್ತವಲ್ಲ, ಇಂಟರ್ನೆಟ್ ಕೇಬಲ್ ಮೂಲಕ ಬಂದ ಹೊಡೆತಕ್ಕೆ ಲ್ಯಾನ್ ಪೋರ್ಟಿನಿಂದ ಶುರುವಾಗಿ ಬೋರ್ಡೇ ಹೋದವು. ಮೋಡ ಕವಿದಾಗ ಪವರ್ ಪ್ಲಗ್ ಕೀಳುವವರು ಆ ಕೇಬಲ್ಲನ್ನು ಹಾಗೇ ಬಿಟ್ಟಿರುತ್ತಾರೆ.

ಬೋರ್ಡ್ ನಿಜವಾಗಿಯೇ ಹೋಗಿದ್ದರೆ

ರಿಪೇರಿಗೆ ಕೊಡುವ ಮೊದಲು ಹಾರ್ಡ್ ಡಿಸ್ಕ್ ಬಿಚ್ಚಿಕೊಳ್ಳಿ. ಸಿಸ್ಟಂ ಆನ್ ಆಗುತ್ತಿಲ್ಲ ಅಂದರೆ ಫೈಲ್ ಹೋಯಿತು ಅಂತ ಅಳುವವರನ್ನು ವಾರಕ್ಕೊಬ್ಬರನ್ನು ನೋಡುತ್ತೇನೆ. ಫೈಲ್ ಇರುವುದು ಡಿಸ್ಕಿನಲ್ಲಿ, ಬೋರ್ಡಿನಲ್ಲಿ ಅಲ್ಲ. ನಾಲ್ಕು ಸ್ಕ್ರೂ, ಎರಡು ವೈರ್, ಅಷ್ಟೇ. ಡಿಸ್ಕನ್ನು ಯುಎಸ್‌ಬಿಗೆ ಹಾಕುವ ಒಂದು ವೈರ್ ಬರುತ್ತದೆ, ಅಡಾಪ್ಟರ್ ಸಮೇತ ಇರುವುದನ್ನೇ ತನ್ನಿ, ದೊಡ್ಡ ಡಿಸ್ಕಿಗೆ 12 ವೋಲ್ಟ್ ಬೇಕು.

ಎರಡು ವರ್ಷದ ಹಿಂದೆ ನನ್ನ ಸ್ವಂತ ಸಿಸ್ಟಮ್ಮೇ ಹೀಗೆ ಕೈ ಕೊಟ್ಟಿತು, ಕಾರ್ತಿಕದ ಮದುವೆ ಸೀಸನ್ನಿನಲ್ಲಿ. ಮೇಲೆ ಹೇಳಿದ ಆ ನಾಲ್ಕು ಪಿನ್ ಕಿತ್ತೆ, ಫ್ಯಾನ್ ತಿರುಗಿತು, ಮಾಸ್ಫೆಟ್ ಹೋಗಿದೆ ಅಂತ ಗೊತ್ತಾಯಿತು. ಮುನ್ನೂರು ಲಗ್ನಪತ್ರಿಕೆ ಮಾರನೇ ದಿನ ಬೆಳಿಗ್ಗೆ ಕೊಡಬೇಕು, ಹುಡುಗಿಯ ಅಪ್ಪ ಎದುರಿನ ಬೆಂಚಿನ ಮೇಲೇ ಕೂತಿದ್ದಾರೆ. ಡಿಸ್ಕ್ ಬಿಚ್ಚಿ, ವೈರ್ ಸಮೇತ ಪಕ್ಕದ ಸ್ಟುಡಿಯೋದವನ ಸಿಸ್ಟಂಗೆ ಹಾಕಿದೆವು. ಫೈಲ್ ತೆರೆಯಿತು, ಅಕ್ಷರ ಮಾತ್ರ ಬರೀ ಚುಕ್ಕಿ ಗೆರೆ. ಅವನ ಸಿಸ್ಟಂನಲ್ಲಿ ನುಡಿ ಫಾಂಟೇ ಇರಲಿಲ್ಲ. ನನ್ನದೇ ಡಿಸ್ಕಿನ ಫಾಂಟ್ ಫೋಲ್ಡರಿನಿಂದ ಎತ್ತಿ ಹಾಕಿದ ಮೇಲೆ ವರನ ಹೆಸರು ಕಾಣಿಸಿತು. ಹುಡುಗಿಯ ಅಪ್ಪ ಕನ್ನಡಕ ಹಾಕಿಕೊಂಡು ಓದಿ, "ಮುಹೂರ್ತದ ಟೈಮ್ ತಪ್ಪೈತಲ್ಲಪ್ಪ" ಅಂದರು.